ನೀಡಲ್ ಕೊನೆಗೆ: ನೈಟ್ರೊ ಆರ್‌ಸಿ ಕಾರಿನ ಥ್ರಾಟಲ್ ಮತ್ತು ಕಾರ್ಬ್ಯುರೇಟರ್ ಹೊಂದಿಸುವ ಸಮಗ್ರ ಮಾರ್ಗದರ್ಶಿ

ನೈಟ್ರೊ ಕಾರು, ಅಂದರೆ ನೈಟ್ರೊ ಇಂಧನದ ಎಂಜಿನ್ ಇರುವ, ರಿಮೋಟಿನಿಂದ ಓಡಿಸುವ ಪುಟ್ಟ ಕಾರು ಕೊಂಡವರಿಂದ ಮತ್ತೆ ಮತ್ತೆ ಬರುವ ದೂರು ಒಂದೇ: ಸ್ಟಾರ್ಟ್ ಆಗುತ್ತದೆ, ಸ್ವಲ್ಪ ದೂರ ಓಡುತ್ತದೆ, ಥ್ರಾಟಲ್ ಪೂರ್ತಿ ಕೊಟ್ಟರೆ ನಿಂತುಹೋಗುತ್ತದೆ, ನೀಡಲ್ (ಇಂಧನದ ಹರಿವನ್ನು ಹೊಂದಿಸುವ ಸೂಜಿಯಂತಹ ಸ್ಕ್ರೂ) ಎಷ್ಟು ತಿರುಗಿಸಿದರೂ ಸರಿಹೋಗುತ್ತಿಲ್ಲ. ಅಂತಹ ಕಾರನ್ನು ಕೈಗೆತ್ತಿಕೊಂಡು ನೋಡಿದರೆ ಬಹಳ ಸಲ ತಪ್ಪು ನೀಡಲ್‌ನದ್ದಾಗಿರುವುದೇ ಇಲ್ಲ. ಸರ್ವೊದ (ರಿಮೋಟಿನ ಆಜ್ಞೆಯಂತೆ ಥ್ರಾಟಲ್ ಮತ್ತು ಬ್ರೇಕನ್ನು ಎಳೆಯುವ ಪುಟ್ಟ ಮೋಟಾರಿನ) ಕಡ್ಡಿ ಕಾರ್ಬ್ಯುರೇಟರನ್ನು ತನ್ನ ಜಾಗಕ್ಕೆ ಮರಳಲು ಬಿಟ್ಟಿರುವುದಿಲ್ಲ, ಇಲ್ಲವೇ ಇಂಧನದ ಟ್ಯೂಬಿನಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ, ಇಲ್ಲವೇ ಐಡಲ್ (ಥ್ರಾಟಲ್ ಬಿಟ್ಟಾಗ ಎಂಜಿನ್ ನಿಧಾನವಾಗಿ ತಿರುಗುವ ಸ್ಥಿತಿ) ಸ್ಕ್ರೂವನ್ನು ಬಿಗಿದು ಬಿಗಿದು ಬೇರೊಂದು ದೋಷವನ್ನು ಮರೆಮಾಡಲಾಗಿರುತ್ತದೆ.

ಆದ್ದರಿಂದ ಇಲ್ಲಿ ಕ್ರಮಕ್ಕೇ ಮೊದಲ ಸ್ಥಾನ. ಎಂಜಿನ್ ನಿಂತಿರುವಾಗ ಥ್ರಾಟಲ್ ಲಿಂಕೇಜ್ (ಸರ್ವೊದಿಂದ ಕಾರ್ಬ್ಯುರೇಟರ್‌ವರೆಗಿನ ಕಡ್ಡಿ ಮತ್ತು ತೋಳಿನ ಜೋಡಣೆ), ಬಳಿಕ ಗಾಳಿ ಸೋರಿಕೆ ಮತ್ತು ಗ್ಲೋ ಪ್ಲಗ್ (ಬಿಸಿ ಸುರುಳಿಯಿಂದ ಇಂಧನ ಹೊತ್ತಿಸುವ ಪ್ಲಗ್), ಎಂಜಿನ್ ಬಿಸಿಯಾದ ಮೇಲೆ ಹೈ ಸ್ಪೀಡ್ ನೀಡಲ್, ಅದಾದ ಮೇಲೆ ಲೋ ಸ್ಪೀಡ್ ನೀಡಲ್, ಕಡೆಗೆ ಐಡಲ್ ಸ್ಕ್ರೂ. ಈ ವಿಧಾನ 2.1 ಸಿಸಿಯಿಂದ 3.5 ಸಿಸಿವರೆಗಿನ, ಅಂದರೆ ಘನ ಇಂಚಿನ ಲೆಕ್ಕದಲ್ಲಿ .12ರಿಂದ .21 ಎಂದು ಗುರುತಿಸಲಾಗುವ, ಎರಡು ನೀಡಲ್‌ಗಳ ಎಂಜಿನ್‌ಗಳಿಗೆ ಹೊಂದುತ್ತದೆ. ಮಧ್ಯಮ ವೇಗಕ್ಕೆಂದು ಮೂರನೆಯ ನೀಡಲ್ ಇರುವ ಕಾರ್ಬ್ಯುರೇಟರ್‌ನಲ್ಲಿ ಅದನ್ನು ಕಾರ್ಖಾನೆಯಲ್ಲಿ ಇಟ್ಟ ಜಾಗದಲ್ಲೇ ಬಿಡುವುದು ಲೇಸು. ಎಂಜಿನ್ ಹೊಸದಾಗಿದ್ದರೆ ಮೊದಲ ನಾಲ್ಕೈದು ಟ್ಯಾಂಕ್ ಇಂಧನ ಬ್ರೇಕ್-ಇನ್‌ಗೆ (ಒಳಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಂತೆ ಮೆಲ್ಲಗೆ ಓಡಿಸುವುದಕ್ಕೆ) ಮೀಸಲು. ಅದು ಮುಗಿಯುವ ತನಕ 3ನೇ ಹಂತದಿಂದ ಮುಂದಕ್ಕೆ ಹೋಗಬಾರದು.

ಮೂರು ಸ್ಕ್ರೂಗಳನ್ನು ಗುರುತಿಸುವುದು

ಇಂಧನದ ಟ್ಯೂಬ್ ಬಂದು ಸೇರುವ ಜಾಗದಲ್ಲಿ, ಸಾಮಾನ್ಯವಾಗಿ ಹಿತ್ತಾಳೆಯ ಕವಚದೊಳಗೆ ನೆಟ್ಟಗೆ ನಿಂತಿರುವುದು ಹೈ ಸ್ಪೀಡ್ ನೀಡಲ್. ಕಾರ್ಬ್ಯುರೇಟರ್‌ಗೆ ಬರುವ ಎಲ್ಲ ಇಂಧನವೂ ಮೊದಲು ಇದನ್ನೇ ದಾಟಬೇಕು. ಥ್ರಾಟಲ್ ತೋಳು ಚಲಿಸುವ ಭಾಗದ ತುದಿಯಲ್ಲಿ, ಒಳಕ್ಕೆ ಹುದುಗಿದಂತೆ ಕಾಣುವುದು ಲೋ ಸ್ಪೀಡ್ ನೀಡಲ್. ಐಡಲ್‌ನಲ್ಲಿ ಮತ್ತು ಥ್ರಾಟಲ್‌ನ ಆರಂಭದ ಭಾಗದಲ್ಲಿ ಅದರದ್ದೇ ಆಡಳಿತ. ಕಾರ್ಬ್ಯುರೇಟರ್ ಮೈಯಲ್ಲಿ, ಹಲವು ಮಾದರಿಗಳಲ್ಲಿ ಸಣ್ಣ ಸ್ಪ್ರಿಂಗ್ ಸಮೇತ ಇರುವುದು ಐಡಲ್ ಸ್ಕ್ರೂ. ಇದು ಇಂಧನವನ್ನು ಮುಟ್ಟುವುದಿಲ್ಲ. ಥ್ರಾಟಲ್ ಬಿಟ್ಟಾಗ ಗಾಳಿಯ ಬಾಯಿ ಎಷ್ಟು ತೆರೆದಿರಬೇಕು ಎಂಬುದನ್ನಷ್ಟೇ ನಿರ್ಧರಿಸುತ್ತದೆ.

ಎರಡೂ ನೀಡಲ್‌ಗಳಿಗೆ ದಿಕ್ಕು ಒಂದೇ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಇಂಧನ ಕಡಿಮೆಯಾಗಿ ಮಿಶ್ರಣ ಲೀನ್ ಆಗುತ್ತದೆ; ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಇಂಧನ ಹೆಚ್ಚಾಗಿ ರಿಚ್ ಆಗುತ್ತದೆ. ಹಳೆಯ ಆರ್‌ಎಕ್ಸ್ 100 ಬೈಕಿನ ಕಾರ್ಬ್ಯುರೇಟರ್‌ನಲ್ಲಿ ಕೈ ಪಳಗಿದವರು ಎಡವುವುದು ಇಲ್ಲಿಯೇ. ಆ ಬೈಕಿನಲ್ಲಿ ಹೊರಗಿನಿಂದ ತಿರುಗಿಸುವುದು ಗಾಳಿಯ ಸ್ಕ್ರೂ. ಅದನ್ನು ಒಳಕ್ಕೆ ಬಿಗಿದರೆ ಗಾಳಿ ಕಡಿಮೆಯಾಗಿ ಮಿಶ್ರಣ ರಿಚ್ ಆಗುತ್ತದೆ. ಇಲ್ಲಿ ತಿರುಗಿಸುತ್ತಿರುವುದು ಇಂಧನದ ದಾರಿಯನ್ನು, ಆದ್ದರಿಂದ ಫಲ ತಿರುಗುಮುರುಗು.

ಲೀನ್ ಆಗುವುದು ಏಕೆ ಅಷ್ಟು ಅಪಾಯಕಾರಿ ಎಂಬುದನ್ನೂ ಇಲ್ಲಿಯೇ ತಿಳಿದಿರಬೇಕು. ಮೆಥನಾಲ್, ನೈಟ್ರೊಮೀಥೇನ್ ಮತ್ತು ಎಣ್ಣೆ ಈ ಮೂರೂ ಸೇರಿದ್ದು ನೈಟ್ರೊ ಇಂಧನ. ಎಂಜಿನ್‌ನಲ್ಲಿ ಬೇರೆ ಆಯಿಲ್ ಇರುವುದಿಲ್ಲ. ಪಿಸ್ಟನ್, ಕನೆಕ್ಟಿಂಗ್ ರಾಡ್, ಬೇರಿಂಗ್ ಎಲ್ಲಕ್ಕೂ ಜಿಡ್ಡು ಸಿಗುವುದು ಈ ಇಂಧನದಿಂದಲೇ. ಇಂಧನ ಕಡಿತಗೊಂಡರೆ ಶಾಖ ಏರುವುದರ ಜೊತೆಗೆ ಎಣ್ಣೆಯೂ ಕಡಿತವಾಗುತ್ತದೆ. ರಿಚ್ ಆಗಿ ಓಡಿದ ಎಂಜಿನ್ ಪ್ಲಗ್ ಕೊಳೆಮಾಡಿಕೊಂಡು ನಿಲ್ಲಬಹುದು, ಲೀನ್ ಆಗಿ ಓಡಿದ್ದು ಪಿಸ್ಟನ್ ಕಳೆದುಕೊಳ್ಳಬಹುದು.

ಕೆಲಸಕ್ಕೆ ಕೂರುವ ಮುನ್ನ ಬೇಕಾದ ಸಾಮಗ್ರಿ

ನೀಡಲ್‌ನ ಸೀಳಿಗೆ ಸರಿಯಾಗಿ ಕೂರುವ ಚಪ್ಪಟೆ ಸ್ಕ್ರೂಡ್ರೈವರ್, ಅಲೆನ್ ಕೀಗಳು, ಗ್ಲೋ ಪ್ಲಗ್ ಸ್ಪ್ಯಾನರ್, ಚಾರ್ಜ್ ಆಗಿರುವ ಇಗ್ನೈಟರ್ (ಸ್ಟಾರ್ಟ್ ಮಾಡುವಾಗ ಗ್ಲೋ ಪ್ಲಗ್ ಕಾಯಿಸುವ ಬ್ಯಾಟರಿ ಸಾಧನ), ಹೊಸದಾದ ಒಂದೆರಡು ಗ್ಲೋ ಪ್ಲಗ್, ಇನ್‌ಫ್ರಾರೆಡ್ ಥರ್ಮಾಮೀಟರ್, ಬಾಟಲಿಯಲ್ಲಿ ಇಂಧನ, ಹಳೆಯ ಬಟ್ಟೆ, ಒಂದು ಸಣ್ಣ ನೋಟ್‌ಬುಕ್. ಸೀಳಿಗಿಂತ ಕಿರಿದಾದ ಸ್ಕ್ರೂಡ್ರೈವರ್ ಬಳಸಿದರೆ ಹಿತ್ತಾಳೆಯ ತಲೆ ಸವೆದು, ಆಮೇಲೆ ಎಷ್ಟು ತಿರುಗಿತು ಎಂದು ಅಳೆಯಲಿಕ್ಕೇ ಬಾರದಂತಾಗುತ್ತದೆ. ನೋಟ್‌ಬುಕ್ಕನ್ನು ಬಹುತೇಕರು ಹಗುರವಾಗಿ ಕಾಣುತ್ತಾರೆ. ನಾನು ಮಾತ್ರ ಅದಿಲ್ಲದೆ ಮೈದಾನಕ್ಕೆ ಹೋಗುವುದಿಲ್ಲ.

ಮೆಥನಾಲ್ ವಿಷ; ಚರ್ಮದ ಮೂಲಕವೂ ದೇಹ ಸೇರುತ್ತದೆ. ಅದರ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದಿಲ್ಲ ಎನ್ನುವಷ್ಟು ಮಸುಕು. ಇಂಧನದ ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು, ಕಾರನ್ನು ತೆರೆದ ಬಯಲಿನಲ್ಲೇ ಸ್ಟಾರ್ಟ್ ಮಾಡಬೇಕು, ಹತ್ತಿರ ಬೀಡಿ ಸಿಗರೇಟು ಬೇಡವೇ ಬೇಡ. ಪೆಟ್ರೋಲ್ ಅಥವಾ ಪೆಟ್ರೋಲ್ ಜೊತೆ 2ಟಿ ಆಯಿಲ್ ಬೆರೆಸಿ ಹಾಕುವ ಪ್ರಯೋಗವನ್ನು ಮಾಡಲೇಬಾರದು. ಗ್ಲೋ ಪ್ಲಗ್‌ನ ಪ್ಲಾಟಿನಂ ಸುರುಳಿ ಮೆಥನಾಲ್ ಆವಿ ತಾಗಿದಾಗ ಮಾತ್ರ ಹೊರಗಿನ ವಿದ್ಯುತ್ ಇಲ್ಲದೆ ಕೆಂಪಗೆ ಉಳಿಯುತ್ತದೆ.

ಹಂತ 1: ಥ್ರಾಟಲ್ ಲಿಂಕೇಜ್ (ಎಂಜಿನ್ ನಿಂತಿರುವಾಗ)

1. ಏರ್ ಫಿಲ್ಟರ್ ಬಿಚ್ಚಿ, ಕಾರ್ಬ್ಯುರೇಟರ್ ಬಾಯಿ ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳಿ. ಮೊದಲು ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರಿಮೋಟ್), ಆಮೇಲೆ ರಿಸೀವರ್ (ಅದರ ಸಂಕೇತ ಹಿಡಿಯುವ, ಕಾರಿನೊಳಗಿನ ಸಾಧನ) ಆನ್ ಮಾಡಿ. ಆಫ್ ಮಾಡುವಾಗ ಕ್ರಮ ಉಲ್ಟಾ. ಟ್ರಾನ್ಸ್‌ಮಿಟರ್‌ನ ಥ್ರಾಟಲ್ ಟ್ರಿಮ್ (ಸರ್ವೊ ನಿಲ್ಲುವ ಜಾಗವನ್ನು ಚೂರು ಆಚೀಚೆ ಸರಿಸುವ ಗುಂಡಿ) ಸೊನ್ನೆಯಲ್ಲಿರಲಿ.

2. ಟ್ರಿಗರ್ ಮುಟ್ಟದಿರುವಾಗ ಸರ್ವೊದ ತೋಳು ಕಡ್ಡಿಗೆ ಸುಮಾರು 90 ಡಿಗ್ರಿಯಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಟ್ರಿಮ್ ತಿರುಗಿಸಿ ಸಮಾಧಾನಪಡಬೇಡಿ. ನಡುವಿನ ಸ್ಕ್ರೂ ಬಿಚ್ಚಿ, ತೋಳನ್ನು ಕಿತ್ತು ಒಂದು ಹಲ್ಲು ಆಚೀಚೆ ಕೂರಿಸಿ. ಟ್ರಿಮ್ ಇರುವುದು ಕೂದಲೆಳೆಯ ವ್ಯತ್ಯಾಸಕ್ಕೆ, ತಪ್ಪಾಗಿ ಕೂತ ತೋಳನ್ನು ಸರಿಪಡಿಸುವುದಕ್ಕಲ್ಲ.

3. ಇದೇ ಸ್ಥಿತಿಯಲ್ಲಿ ಕಾರ್ಬ್ಯುರೇಟರ್ ಬಾಯಿಯೊಳಗೆ ನೋಡಿ. 0.5ರಿಂದ 1 ಮಿಲಿಮೀಟರ್‌ನಷ್ಟು ಚಂದ್ರಕಲೆಯಂತಹ ಸಂದು ಕಾಣಬೇಕು. ಕಡಿಮೆಯಿದ್ದರೆ ಅಥವಾ ಹೆಚ್ಚಿದ್ದರೆ ಐಡಲ್ ಸ್ಕ್ರೂವಿನಿಂದ ಸರಿಮಾಡಿ. ಈಗ ಬೆರಳಿನಿಂದ ಥ್ರಾಟಲ್ ತೋಳನ್ನು ಮುಚ್ಚುವ ದಿಕ್ಕಿಗೆ ಮೆಲ್ಲನೆ ಒತ್ತಿ ನೋಡಿ. ಅದು ಇನ್ನಷ್ಟು ಮುಚ್ಚಿಕೊಂಡರೆ ಬಾಯಿಯನ್ನು ತೆರೆದು ಹಿಡಿದಿರುವುದು ಐಡಲ್ ಸ್ಕ್ರೂ ಅಲ್ಲ, ಸರ್ವೊದ ಕಡ್ಡಿ. ಈ ಸ್ಥಿತಿಯಲ್ಲಿ ಐಡಲ್ ಸ್ಕ್ರೂ ಎಷ್ಟು ಸಡಿಲಿಸಿದರೂ ಎಂಜಿನ್ ವೇಗ ಇಳಿಯುವುದಿಲ್ಲ. ಕಡ್ಡಿಯ ಉದ್ದವನ್ನು ಅಥವಾ ಕಡ್ಡಿಯ ಮೇಲಿನ ಬಳೆಯಂತಹ ಕಾಲರ್‌ನ ಜಾಗವನ್ನು ಬದಲಿಸಿ, ತೋಳು ಐಡಲ್ ಸ್ಕ್ರೂವಿನ ಮೇಲೆ ಬಂದು ಕೂರುವಂತೆ ಮಾಡಿ.

4. ಟ್ರಿಗರ್ ಪೂರ್ತಿ ಎಳೆಯಿರಿ. ಬಾಯಿ ಪೂರ್ಣ ವೃತ್ತವಾಗಿ ತೆರೆಯಬೇಕು. ತೆರೆದ ಮೇಲೂ ಸರ್ವೊ ‘ಝೂಂ’ ಎಂದು ಗುನುಗುತ್ತಿದ್ದರೆ ಅದು ಇನ್ನೂ ತಳ್ಳಲು ಹೆಣಗುತ್ತಿದೆ ಎಂದರ್ಥ. ಟ್ರಾನ್ಸ್‌ಮಿಟರ್‌ನಲ್ಲಿ ಎಂಡ್ ಪಾಯಿಂಟ್ (ಸರ್ವೊ ಚಲಿಸುವ ಗರಿಷ್ಠ ಮಿತಿ) ತಗ್ಗಿಸಿ. ಆ ಸೌಲಭ್ಯವಿಲ್ಲದಿದ್ದರೆ ಕಡ್ಡಿಯನ್ನು ಸರ್ವೊ ತೋಳಿನ ಒಳಗಿನ ತೂತಿಗೆ ವರ್ಗಾಯಿಸಿ.

5. ಟ್ರಿಗರನ್ನು ಮುಂದಕ್ಕೆ ತಳ್ಳಿ ಬ್ರೇಕ್ ನೋಡಿ. ಕಾರ್ಬ್ಯುರೇಟರ್ ಐಡಲ್‌ಗೆ ಬಂದು ನಿಂತ ಮೇಲೆ ಕಡ್ಡಿಯ ಮೇಲಿನ ಸ್ಪ್ರಿಂಗ್ ಕುಗ್ಗುತ್ತಾ ಬ್ರೇಕ್ ಹಿಡಿಯಬೇಕು. ಟ್ರಿಗರ್ ಬಿಟ್ಟಾಗ ಕಾರನ್ನು ಕೈಯಿಂದ ತಳ್ಳಿದರೆ ಸಲೀಸಾಗಿ ಉರುಳಬೇಕು, ಪೂರ್ಣ ಬ್ರೇಕ್‌ನಲ್ಲಿ ಚಕ್ರ ಕಚ್ಚಿಕೊಳ್ಳಬೇಕು. ಸದಾ ಸ್ವಲ್ಪ ಉಜ್ಜುತ್ತಿರುವ ಬ್ರೇಕ್‌ನಿಂದ ಎಂಜಿನ್‌ಗೆ ಭಾರ ಬಿದ್ದು, ಅದು ರಿಚ್ ಮಿಶ್ರಣದ ಮಂಕುತನದಂತೆಯೇ ತೋರುತ್ತದೆ. ಆಗ ಅಮಾಯಕ ನೀಡಲ್‌ಗೆ ಶಿಕ್ಷೆಯಾಗುತ್ತದೆ.

6. ಕೊನೆಯದಾಗಿ ರಿಟರ್ನ್ ಸ್ಪ್ರಿಂಗ್. ಥ್ರಾಟಲ್ ಅರ್ಧ ತೆರೆದಿರುವಾಗ ರಿಸೀವರ್ ಆಫ್ ಮಾಡಿದರೆ ಕಾರ್ಬ್ಯುರೇಟರ್ ತಾನಾಗಿಯೇ ಮುಚ್ಚಿಕೊಳ್ಳಬೇಕು. ಫೇಲ್‌ಸೇಫ್ (ಸಂಕೇತ ತಪ್ಪಿದಾಗ ಸರ್ವೊವನ್ನು ಸುರಕ್ಷಿತ ಸ್ಥಿತಿಗೆ ತರುವ ವ್ಯವಸ್ಥೆ) ಇರುವ ರಿಸೀವರ್ ಆಗಿದ್ದರೆ ಟ್ರಾನ್ಸ್‌ಮಿಟರ್ ಆಫ್ ಮಾಡಿದಾಗ ಬ್ರೇಕ್ ಹಿಡಿಯುವಂತೆ ಹೊಂದಿಸಿ. ಇವೆರಡೂ ಕೆಲಸ ಮಾಡದ ಕಾರನ್ನು ಸ್ಟಾರ್ಟ್ ಮಾಡಬೇಡಿ. ಬ್ಯಾಟರಿ ಇಳಿದು ನಿಯಂತ್ರಣ ತಪ್ಪಿದ ನೈಟ್ರೊ ಕಾರು ಯಾರ ಕಾಲಿಗಾದರೂ ಬಡಿದರೆ ಮೂಳೆ ಮುರಿಯಬಹುದು.

ಹಂತ 2: ಗಾಳಿ, ಇಂಧನ, ಪ್ಲಗ್

1. ಗ್ಲೋ ಪ್ಲಗ್ ಬಿಚ್ಚಿ ಇಗ್ನೈಟರ್‌ಗೆ ಸಿಕ್ಕಿಸಿ ನೋಡಿ. ಸುರುಳಿ ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಬೇಕು. ಒಂದೆರಡು ಸುತ್ತು ಮಾತ್ರ ಹೊಳೆದರೆ ಅಥವಾ ಮಂಕಾಗಿದ್ದರೆ ಇಗ್ನೈಟರ್ ಚಾರ್ಜ್ ಮಾಡಿ ಮತ್ತೊಮ್ಮೆ ನೋಡಿ. ಆಗಲೂ ಹಾಗೆಯೇ ಇದ್ದರೆ ಪ್ಲಗ್ ಬದಲಿಸಿ. ಅರೆಜೀವದ ಪ್ಲಗ್‌ನೊಂದಿಗೆ ಟ್ಯೂನ್ ಮಾಡಿದ ಎಂಜಿನ್, ಹೊಸ ಪ್ಲಗ್ ಹಾಕಿದ ದಿನ ಮತ್ತೆ ಮೊದಲಿನಿಂದ ಟ್ಯೂನ್ ಬೇಡುತ್ತದೆ.

2. ಏರ್ ಫಿಲ್ಟರ್ ಸ್ಪಂಜನ್ನು ತೊಳೆದು, ಒಣಗಿಸಿ, ಫಿಲ್ಟರ್ ಎಣ್ಣೆ ಹಚ್ಚಿ ಹಿಂಡಿ ಹಾಕಿ. ಧೂಳು ಕಟ್ಟಿದ ಫಿಲ್ಟರ್ ಗಾಳಿ ತಡೆದು ಮಿಶ್ರಣವನ್ನು ರಿಚ್ ಮಾಡುತ್ತದೆ. ಫಿಲ್ಟರ್ ಇಲ್ಲದೆ ಒಂದು ನಿಮಿಷ ಕೂಡ ಓಡಿಸಬೇಡಿ.

3. ಮುಚ್ಚಳ ಸಡಿಲವಾಗಿ ತಿಂಗಳುಗಟ್ಟಲೆ ಇದ್ದ ಇಂಧನವನ್ನು ಬಳಸಬೇಡಿ, ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ. ಶೇಕಡ 20ರ ನೈಟ್ರೊದಿಂದ ಶೇಕಡ 30ಕ್ಕೆ ಬದಲಾಯಿಸಿದರೆ ಹಳೆಯ ಹೊಂದಿಕೆ ಲೀನ್ ಆಗಿಬಿಡುತ್ತದೆ. ಎರಡೂ ನೀಡಲ್‌ಗಳನ್ನು ರಿಚ್ ಕಡೆಗೆ ತಂದು ಮತ್ತೆ ಆರಂಭಿಸಬೇಕು.

4. ಟ್ಯೂಬ್‌ಗಳು ಎರಡು: ಟ್ಯಾಂಕಿನಿಂದ ಕಾರ್ಬ್ಯುರೇಟರ್‌ಗೆ ಹೋಗುವುದು ಒಂದು, ಎಕ್ಸಾಸ್ಟ್ ಪೈಪಿನಿಂದ ಟ್ಯಾಂಕಿಗೆ ಒತ್ತಡ ತರುವುದು ಇನ್ನೊಂದು. ಎರಡನ್ನೂ ಕಿತ್ತು, ಒಂದು ತುದಿ ಮುಚ್ಚಿ, ನೀರಿನಲ್ಲಿ ಮುಳುಗಿಸಿ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಬಿಟ್ಟು ನೋಡಿ. ಖಾಲಿ ಟ್ಯಾಂಕನ್ನೂ ಹಾಗೆಯೇ ಪರೀಕ್ಷಿಸಬಹುದು. ಮುಚ್ಚಳದ ರಬ್ಬರ್ ಸುತ್ತಿನಿಂದ ಗುಳ್ಳೆ ಬಂದರೆ ಆ ರಬ್ಬರ್ ಬದಲಿಸಿ. ಪಂಕ್ಚರ್ ಅಂಗಡಿಯ ವಿದ್ಯೆಯೇ ಇಲ್ಲಿಗೂ ಸಾಕು.

5. ಕಾರ್ಬ್ಯುರೇಟರ್ ಬುಡದ ಓ-ರಿಂಗ್, ಅದನ್ನು ಹಿಡಿದಿರುವ ಬೋಲ್ಟ್, ಎಂಜಿನ್‌ನ ಹಿಂಬದಿ ಮುಚ್ಚಳ, ಎಕ್ಸಾಸ್ಟ್ ಸೇರುವ ಗ್ಯಾಸ್ಕೆಟ್ ಇವುಗಳ ಸುತ್ತ ಎಣ್ಣೆ ಒಸರಿದ ಗುರುತಿದ್ದರೆ ಅಲ್ಲಿ ಸೋರಿಕೆಯಿದೆ ಎಂದೇ ತಿಳಿಯಿರಿ.

ಈ ಹಂತವನ್ನು ಹಾರಿಸಿದ್ದಕ್ಕೆ ನಾನೇ ಒಂದು ಇಡೀ ಬೆಳಗ್ಗೆಯನ್ನು ತೆತ್ತಿದ್ದೇನೆ. ಐಡಲ್ ಒಮ್ಮೆ ಏರುವುದು, ಒಮ್ಮೆ ಕುಸಿಯುವುದು. ನೀಡಲ್ ಒಳಕ್ಕೆ, ಹೊರಕ್ಕೆ, ಮತ್ತೆ ಒಳಕ್ಕೆ. ಬಿಸಿಲೇರಿ ಕಾರನ್ನು ಮಡಿಲಲ್ಲಿಟ್ಟುಕೊಂಡು ಕುಳಿತಾಗ, ಐಡಲ್‌ನಲ್ಲಿದ್ದ ಎಂಜಿನ್‌ಗೆ ಹೋಗುವ ಪಾರದರ್ಶಕ ಟ್ಯೂಬಿನಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಓಡುತ್ತಿರುವುದು ಕಂಡಿತು. ಟ್ಯೂಬ್ ಬಿಸಿ ಪೈಪಿಗೆ ತಾಗಿ, ತಾಗಿದ ಕಡೆ ಕಣ್ಣಿಗೆ ಕಾಣದಷ್ಟು ತೂತು ಬಿದ್ದಿತ್ತು. ಅರ್ಧ ಅಡಿ ಹೊಸ ಟ್ಯೂಬ್ ಹಾಕಿದ ಮೇಲೆ, ಬೆಳಗಿನಿಂದ ಬದಲಿಸಿದ್ದನ್ನೆಲ್ಲ ಹಿಂದಿನ ಜಾಗಕ್ಕೆ ತರಬೇಕಾಯಿತು. ಎಷ್ಟು ಬದಲಿಸಿದ್ದೆ ಎಂದು ಎಲ್ಲಿಯೂ ಬರೆದಿಟ್ಟಿರಲಿಲ್ಲ. ನೋಟ್‌ಬುಕ್ ಶುರುವಾಗಿದ್ದು ಆವತ್ತು.

ಹಂತ 3: ಆರಂಭದ ಜಾಗ, ಸ್ಟಾರ್ಟ್, ಬಿಸಿ

1. ನೀಡಲ್‌ಗಳು ಎಲ್ಲಿವೆ ಎಂದು ಗೊತ್ತಿಲ್ಲದಿದ್ದರೆ ಎಂಜಿನ್‌ನ ಕೈಪಿಡಿಯಲ್ಲಿ ಹೇಳಿರುವ ಕಾರ್ಖಾನೆ ಹೊಂದಿಕೆಗೆ ಮರಳಿ. ಅದಕ್ಕಾಗಿ ನೀಡಲನ್ನು ಒಳಕ್ಕೆ ತಿರುಗಿಸುವಾಗ ತಡೆ ಸಿಕ್ಕ ಕೂಡಲೇ ನಿಲ್ಲಿಸಿ, ಅಲ್ಲಿಂದ ಹೊರಕ್ಕೆ ಸುತ್ತು ಎಣಿಸಿ. ಬಲ ಹಾಕಿ ಬಿಗಿದರೆ ಮೊನಚು ತುದಿ ಮತ್ತು ಅದು ಕೂರುವ ಪೀಠ ಎರಡೂ ಕೆಡುತ್ತವೆ. ಅಂತಹ ಕಾರ್ಬ್ಯುರೇಟರ್ ಮುಂದೆಂದೂ ಸ್ಥಿರವಾಗಿ ಟ್ಯೂನ್ ಆಗುವುದಿಲ್ಲ.

2. ಟ್ಯಾಂಕ್ ತುಂಬಿಸಿ. ಎಕ್ಸಾಸ್ಟ್ ತುದಿಯನ್ನು ಬಟ್ಟೆಯಿಂದ ಮುಚ್ಚಿ ಎಂಜಿನ್ ಸ್ಟಾರ್ಟ್ ಮಾಡುವ ಹಗ್ಗವನ್ನು ಎರಡು ಮೂರು ಸಲ ಎಳೆಯಿರಿ. ಇಂಧನ ಕಾರ್ಬ್ಯುರೇಟರ್ ತಲುಪಿದ್ದು ಟ್ಯೂಬಿನಲ್ಲಿ ಕಂಡ ಕ್ಷಣ ನಿಲ್ಲಿಸಿ. ಈಗ ಇಗ್ನೈಟರ್ ಸಿಕ್ಕಿಸಿ, ಹಗ್ಗವನ್ನು ಒಂದಡಿಗಿಂತ ಹೆಚ್ಚು ಎಳೆಯದೆ ಚುರುಕಾಗಿ ಎಳೆಯಿರಿ. ಹಗ್ಗ ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರಿನಲ್ಲಿ ಇಂಧನ ತುಂಬಿಕೊಂಡಿದೆ. ಬಲ ಪ್ರಯೋಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ, ಎಂಜಿನ್ ತಲೆಯ (ಸಿಲಿಂಡರಿನ ಮೇಲ್ಭಾಗದ) ಮೇಲೆ ಬಟ್ಟೆ ಹಿಡಿದು, ಹಗ್ಗ ಎಳೆದು ಇಂಧನವನ್ನು ಹೊರಹಾಕಿ, ಮತ್ತೆ ಜೋಡಿಸಿ.

3. ಸ್ಟಾರ್ಟ್ ಆದ ಮೇಲೆ ಇಗ್ನೈಟರ್ ತೆಗೆದು, ಕಾರನ್ನು ನೆಲದ ಮೇಲೆ ಮೂರರಿಂದ ಐದು ನಿಮಿಷ ಮಧ್ಯಮ ವೇಗದಲ್ಲಿ ಓಡಿಸಿ. ಸ್ಟ್ಯಾಂಡಿನ ಮೇಲೆ ಚಕ್ರ ಎತ್ತಿಟ್ಟು ಥ್ರಾಟಲ್ ಕೊಡುವುದು ಸಲ್ಲದು. ಭಾರವಿಲ್ಲದ ಎಂಜಿನ್ ಮಿತಿಮೀರಿ ತಿರುಗುತ್ತದೆ, ಅದರ ಸದ್ದೂ ಸುಳ್ಳು ಹೇಳುತ್ತದೆ. ತಣ್ಣನೆಯ ಎಂಜಿನ್ ಯಾವಾಗಲೂ ರಿಚ್ ಎಂಬಂತೆ ವರ್ತಿಸುತ್ತದೆ. ಆಗಲೇ ನೀಡಲ್ ಒಳಕ್ಕೆ ತಿರುಗಿಸಿದವನ ಎಂಜಿನ್, ಬಿಸಿಯೇರಿದ ಹತ್ತು ನಿಮಿಷಕ್ಕೆ ಲೀನ್ ಆಗಿ ಬೇಯುತ್ತಿರುತ್ತದೆ. ತಲೆಯ ಉಷ್ಣತೆ 90 ಡಿಗ್ರಿ ಸೆಲ್ಸಿಯಸ್ ದಾಟುವ ತನಕ ಸ್ಕ್ರೂಡ್ರೈವರ್ ಜೇಬಿನಲ್ಲೇ ಇರಲಿ.

ಹಂತ 4: ಹೈ ಸ್ಪೀಡ್ ನೀಡಲ್

1. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಇಂಧನವಿರಲಿ. ಟ್ಯಾಂಕ್ ತಳ ಮುಟ್ಟುತ್ತಿರುವಾಗ ಮಿಶ್ರಣ ತಾನಾಗಿಯೇ ಲೀನ್ ಕಡೆ ವಾಲುವುದರಿಂದ ಆಗಿನ ತೀರ್ಪು ನಂಬುವಂತಹದ್ದಲ್ಲ.

2. ಇಪ್ಪತ್ತೈದು ಮೂವತ್ತು ಮೀಟರ್ ನೇರ ಜಾಗದಲ್ಲಿ ಪೂರ್ಣ ಥ್ರಾಟಲ್ ಕೊಟ್ಟು ಎರಡು ಮೂರು ಸಲ ಓಡಿಸಿ, ಮೂರನ್ನು ಗಮನಿಸಿ: ಹೊಗೆ, ಸದ್ದು, ಕೊನೆಯ ಹತ್ತು ಮೀಟರಿನ ಎಳೆತ. ದಟ್ಟ ಹೊಗೆ, ‘ಬಡಬಡ’ ಎಂದು ಒಡೆದ ಸದ್ದು, ಪೂರ್ಣ ವೇಗವನ್ನೇ ಮುಟ್ಟದಿರುವುದು ರಿಚ್‌ನ ಲಕ್ಷಣ. ಬಾಣದಂತೆ ಹೊರಟು, ಕೊನೆಯಲ್ಲಿ ಇದ್ದಕ್ಕಿದ್ದಂತೆ ಕಸುವು ಕಳೆದುಕೊಳ್ಳುವುದು, ಹೊಗೆಯೇ ಕಾಣದಿರುವುದು, ಕೀರಲು ಸದ್ದು ಇವು ಲೀನ್‌ನ ಲಕ್ಷಣಗಳು.

3. ರಿಚ್ ಆಗಿದ್ದರೆ ನೀಡಲನ್ನು ಒಂದು ‘ಗಂಟೆ’ಯಷ್ಟು ಒಳಕ್ಕೆ ತಿರುಗಿಸಿ. ಸ್ಕ್ರೂವಿನ ತಲೆಯನ್ನು ಗಡಿಯಾರದ ಮುಖವೆಂದು ಭಾವಿಸಿದರೆ ಸೀಳು ಹನ್ನೆರಡರಿಂದ ಒಂದಕ್ಕೆ ಹೋಗಬೇಕು, ಅಂದರೆ ಸುತ್ತಿನ ಹನ್ನೆರಡನೇ ಒಂದು ಭಾಗ. ಮತ್ತೆ ಎರಡು ಮೂರು ಸಲ ಓಡಿಸಿದ ಬಳಿಕವೇ ಫಲ ನೋಡಿ; ಹೊಸ ಹೊಂದಿಕೆಗೆ ಎಂಜಿನ್ ಒಗ್ಗಿಕೊಳ್ಳಲು ಅಷ್ಟು ಸಮಯ ಬೇಕು.

4. ಹೀಗೆ ಒಂದೊಂದೇ ಗಂಟೆ ಒಳಕ್ಕೆ ಹೋಗುತ್ತಾ, ಇನ್ನು ತಿರುಗಿಸಿದರೂ ವೇಗ ಹೆಚ್ಚುತ್ತಿಲ್ಲ ಎನಿಸಿದಲ್ಲಿ ನಿಂತು, ಒಂದು ಗಂಟೆ ಹೊರಕ್ಕೆ ಬನ್ನಿ. ಪೂರ್ಣ ಥ್ರಾಟಲ್‌ನಲ್ಲಿ ಹಿಂದೆ ತೆಳುವಾದ ನೀಲಿಬಿಳುಪು ಹೊಗೆಯ ಗೆರೆ ಉಳಿದಿರಲೇಬೇಕು. ಪಕ್ಕದವನ ಕಾರಿಗಿಂತ ಚೂರು ವೇಗ ಸಿಗಲೆಂದು ಆ ಗೆರೆಯನ್ನು ಬಲಿಕೊಡುವವರಿದ್ದಾರೆ. ಅವರ ಎಂಜಿನ್‌ಗಳು ಒಂದೇ ಸೀಸನ್ ಬಾಳುವುದನ್ನು ನೋಡಿದ್ದೇನೆ.

5. ಓಟ ಮುಗಿದ ಕೂಡಲೇ, ಐಡಲ್‌ನಲ್ಲಿ ಕಾಯಿಸದೆ, ಪ್ಲಗ್‌ನ ಬುಡಕ್ಕೆ ಥರ್ಮಾಮೀಟರ್ ಹಿಡಿದು ಉಷ್ಣತೆ ನೋಡಿ. ಬಹುತೇಕ ಎಂಜಿನ್‌ಗಳಿಗೆ 100ರಿಂದ 120 ಡಿಗ್ರಿ ಸೆಲ್ಸಿಯಸ್ ಹಿತ. 130 ದಾಟಿದರೆ ನಿಲ್ಲಿಸಿ, ತಣಿಯಲು ಬಿಟ್ಟು, ಕಾಲು ಸುತ್ತು ರಿಚ್ ಮಾಡಿ. ಥರ್ಮಾಮೀಟರ್ ಇಲ್ಲದಿದ್ದರೆ ತಲೆಯ ಮೇಲೆ ಒಂದು ಹನಿ ನೀರು ಬಿಡಿ: ಮೂರರಿಂದ ಐದು ಸೆಕೆಂಡಿನಲ್ಲಿ ಕುದಿದು ಆರಿದರೆ ಸರಿ, ದೋಸೆ ಕಾವಲಿಯ ಮೇಲಿನಂತೆ ಚುಂಯ್ ಎಂದು ಚಿಮ್ಮಿ ಮಾಯವಾದರೆ ಅತಿಯಾಯಿತು. ಆದರೆ ಉಷ್ಣತೆ ಬರೀ ಸಾಕ್ಷಿ. ಒಂದು ಅಂಕಿಯನ್ನು ಗುರಿಯಿಟ್ಟು ನೀಡಲ್ ತಿರುಗಿಸಬಾರದು. ಹೊಗೆ ಮತ್ತು ಸದ್ದು ಒಂದು ಹೇಳಿ, ಥರ್ಮಾಮೀಟರ್ ಇನ್ನೊಂದು ಹೇಳಿದರೆ ಹೊಗೆಯ ಮಾತು ಕೇಳಿ.

ಹಂತ 5: ಲೋ ಸ್ಪೀಡ್ ನೀಡಲ್

ಅತಿ ಹೆಚ್ಚು ಜನ ಸೋಲುವುದು ಇಲ್ಲಿ. ನಿಂತ ಕಾರಿಗೆ ಥ್ರಾಟಲ್ ಕೊಟ್ಟಾಗ ಎಂಜಿನ್ ಮುಗ್ಗರಿಸುವುದು ರಿಚ್ ಆದಾಗಲೂ ಉಂಟು, ಲೀನ್ ಆದಾಗಲೂ ಉಂಟು. ಎರಡನ್ನೂ ಒಂದೇ ಎಂದು ತಿಳಿದು ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋದರೆ ಅರ್ಧದಷ್ಟು ಸಲ ದೋಷ ಬಲಿಯುತ್ತದೆ.

1. ಬಿಸಿ ಎಂಜಿನನ್ನು ಹತ್ತು ಸೆಕೆಂಡು ಐಡಲ್‌ನಲ್ಲಿ ಬಿಟ್ಟು ಕಿವಿಗೊಡಿ. ಸದ್ದು ಕ್ರಮೇಣ ತಗ್ಗುತ್ತಾ, ಗೊರಗೊರ ಎನ್ನುತ್ತಾ ಸಾಯುವ ಕಡೆಗೆ ಹೋದರೆ ರಿಚ್. ಎಂಜಿನ್‌ನ ಕೆಳಗಿನ ಭಾಗದಲ್ಲಿ ಇಂಧನ ಶೇಖರವಾಗುತ್ತಿದೆ. ಬಿಟ್ಟಷ್ಟೂ ವೇಗ ಏರುತ್ತಾ ಹೋದರೆ ಲೀನ್.

2. ಈಗ ಒಮ್ಮೆಗೇ ಥ್ರಾಟಲ್ ಕೊಡಿ. ಹೊಗೆಯ ಮುದ್ದೆಯೊಂದನ್ನು ಉಗುಳಿ, ಹೂಂಗುಟ್ಟಿ, ನಿಧಾನವಾಗಿ ವೇಗ ಹಿಡಿದರೆ ಅದು ರಿಚ್‌ನ ಮುಗ್ಗರಿಕೆ. ಹೊಗೆಯೇ ಇಲ್ಲದೆ, ಸ್ವಿಚ್ ಆರಿಸಿದಂತೆ ತಟಕ್ಕನೆ ನಿಂತರೆ ಅದು ಲೀನ್‌ನದ್ದು.

3. ಅನುಮಾನ ಉಳಿದರೆ ಟ್ಯೂಬ್ ಹಿಸುಕುವ ಪರೀಕ್ಷೆ ಮಾಡಿ. ಐಡಲ್‌ನಲ್ಲಿರುವ ಬಿಸಿ ಎಂಜಿನ್‌ನ ಇಂಧನ ಟ್ಯೂಬನ್ನು ಕಾರ್ಬ್ಯುರೇಟರ್‌ಗೆ ಆದಷ್ಟು ಹತ್ತಿರದಲ್ಲಿ ಹಿಸುಕಿ ಹಿಡಿದು, ನಿಲ್ಲುವ ತನಕ ಎಣಿಸಿ. ಎರಡರಿಂದ ನಾಲ್ಕು ಸೆಕೆಂಡು ಓಡಿ, ಸ್ವಲ್ಪ ವೇಗ ಏರಿಸಿಕೊಂಡು ನಿಂತರೆ ಸರಿ. ಹಿಸುಕಿದ ತಕ್ಷಣ ನಿಂತರೆ ಲೀನ್. ಐದು ಸೆಕೆಂಡು ಮೀರಿ, ವೇಗ ಬಹಳ ಏರಿ ಆಮೇಲೆ ನಿಂತರೆ ರಿಚ್. ಹಿಸುಕುವಾಗ ಬೆರಳು ಫ್ಲೈವೀಲ್‌ಗಾಗಲಿ ಬಿಸಿ ಪೈಪಿಗಾಗಲಿ ತಾಗದಂತೆ ಎಚ್ಚರವಿರಲಿ.

4. ಈ ನೀಡಲನ್ನು ಅರ್ಧ ಗಂಟೆಯಷ್ಟು, ಅಂದರೆ ಸುತ್ತಿನ ಇಪ್ಪತ್ತನಾಲ್ಕನೇ ಒಂದು ಭಾಗದಷ್ಟು ಮಾತ್ರ ತಿರುಗಿಸಿ. ಪ್ರತಿ ಬದಲಾವಣೆಯ ನಂತರ ಒಂದೆರಡು ಸಲ ಪೂರ್ಣ ಥ್ರಾಟಲ್‌ನಲ್ಲಿ ಓಡಿಸಿ ಒಳಗಿನ ಹೆಚ್ಚುವರಿ ಇಂಧನ ಹೊರಹೋಗುವಂತೆ ಮಾಡಿ, ಆಮೇಲೆ ಪರೀಕ್ಷೆ ಮಾಡಿ.

ಹಂತ 6: ಐಡಲ್ ಸ್ಕ್ರೂ, ಮತ್ತೊಂದು ಸುತ್ತು

ಲೋ ಸ್ಪೀಡ್ ನೀಡಲ್ ಲೀನ್ ಮಾಡಿದಂತೆಲ್ಲ ಐಡಲ್ ವೇಗ ಏರುತ್ತದೆ. ಏರಿದಷ್ಟನ್ನು ಐಡಲ್ ಸ್ಕ್ರೂ ಸಡಿಲಿಸಿ ಇಳಿಸಬೇಕು. ಇಳಿಸಿದ ಮೇಲೆ ಹಿಸುಕುವ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ಹೀಗೆ ಎರಡು ಮೂರು ಸಲ ಹಿಂದೆ ಮುಂದೆ ಓಡಾಡಿದ ಮೇಲೆ ಇವೆರಡೂ ಒಂದಕ್ಕೊಂದು ಒಪ್ಪಿಕೊಳ್ಳುತ್ತವೆ. ಕಾರು ಮಿಸುಕದೆ ನಿಂತಿರಬೇಕು, ಎಂಜಿನ್ ಒಂದು ನಿಮಿಷ ಏರಿಳಿತವಿಲ್ಲದೆ ಓಡಬೇಕು, ಆಮೇಲೆ ಥ್ರಾಟಲ್ ಕೊಟ್ಟರೆ ತಡವರಿಸದೆ ಹೊರಡಬೇಕು. ಐಡಲ್ ಸರಿಯಿದ್ದೂ ಕಾರು ತೆವಳುತ್ತಿದ್ದರೆ ಕ್ಲಚ್ ಬೆಲ್‌ನ ಬೇರಿಂಗ್ ಅಥವಾ ಕ್ಲಚ್ ಸ್ಪ್ರಿಂಗ್ ನೋಡಿ, ನೀಡಲ್ ಅಲ್ಲ.

ಮತ್ತೊಮ್ಮೆ ಪೂರ್ಣ ವೇಗದ ಓಟ ಮಾಡಿ ಹೈ ಸ್ಪೀಡ್ ನೀಡಲ್ ಪರೀಕ್ಷಿಸಿ. ಲೋ ಸ್ಪೀಡ್ ನೀಡಲ್‌ಗೆ ಬರುವ ಇಂಧನವೂ ಅದನ್ನು ದಾಟಿಯೇ ಬರುವುದರಿಂದ, ಅಲ್ಲಿ ಎರಡು ಗಂಟೆಯಷ್ಟು ಬದಲಾದರೂ ಇಲ್ಲಿ ಗೊತ್ತಾಗುತ್ತದೆ. ಮೊದಲು ಲೋ, ಆಮೇಲೆ ಹೈ ಎಂದು ಉಲ್ಟಾ ಹೋದವರ ಕೆಲಸ ಮುಗಿಯದಿರುವುದಕ್ಕೆ ಕಾರಣವೂ ಇದೇ.

ಪದೇ ಪದೇ ಆಗುವ ತಪ್ಪುಗಳು

ಐಡಲ್‌ನಲ್ಲಿ ನಿಂತುಹೋಗುವ ಎಂಜಿನ್‌ಗೆ ಐಡಲ್ ಸ್ಕ್ರೂ ಬಿಗಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬಾಯಿ ಹೆಚ್ಚು ತೆರೆದು ಎಂಜಿನ್ ಉಳಿಯುತ್ತದೆ ನಿಜ, ಆದರೆ ರಿಚ್ ಆಗಿರುವ ಲೋ ಸ್ಪೀಡ್ ನೀಡಲ್ ಹಾಗೆಯೇ ಉಳಿದು, ಕಾರು ಬ್ರೇಕ್ ಹಿಡಿದರೂ ತೆವಳುತ್ತದೆ. ಸಂದು ಒಂದು ಮಿಲಿಮೀಟರ್ ದಾಟಿದೆ ಎಂದರೆ ಯಾರೋ ಈ ಮೋಸ ಮಾಡಿದ್ದಾರೆ.

ಒಂದೇ ಸಲಕ್ಕೆ ಎರಡು ಸ್ಕ್ರೂ ಮುಟ್ಟುವುದು ಎರಡನೆಯದು. ಫಲ ಯಾವುದರಿಂದ ಬಂತೆಂದು ಆಮೇಲೆ ಬ್ರಹ್ಮನಿಗೂ ತಿಳಿಯದು.

ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಥ್ರಾಟಲ್ ಬಿಟ್ಟ ಮೇಲೂ ಎಂಜಿನ್ ಕಿರುಚುತ್ತಲೇ ಇದ್ದು ನಿಧಾನಕ್ಕೆ ಇಳಿಯುವುದು, ಹೊಗೆ ಪೂರ್ತಿ ಕಾಣೆಯಾಗುವುದು, ತಲೆಯಿಂದ ಲೋಹ ಕುಟ್ಟಿದಂತಹ ಸದ್ದು ಬರುವುದು, ಪ್ಲಗ್ ಮೇಲಿಂದ ಮೇಲೆ ಸುಡುವುದು. ಎಂಜಿನ್ ನಿಲ್ಲಿಸಲು ಇಂಧನ ಟ್ಯೂಬ್ ಹಿಸುಕಿ. ನಿಲ್ಲದಿದ್ದರೆ ದಪ್ಪ ಬಟ್ಟೆಯಿಂದ ಎಕ್ಸಾಸ್ಟ್ ತುದಿ ಒತ್ತಿ ಮುಚ್ಚಿ. ತಣಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಸುರುಳಿ ಹೊಳಪಾಗಿ, ಒದ್ದೆಯಾಗಿದ್ದರೆ ಭಯವಿಲ್ಲ. ಬೂದುಬಣ್ಣಕ್ಕೆ ತಿರುಗಿ, ಒರಟಾಗಿ, ಸೊಟ್ಟಗಾಗಿದ್ದರೆ ಎಂಜಿನ್ ಲೀನ್ ಆಗಿ ಓಡಿದೆ. ಥ್ರಾಟಲ್ ಬಿಟ್ಟ ಮೇಲೆ ವೇಗ ಇಳಿಯದಿರುವುದು ಗಾಳಿ ಸೋರಿಕೆಯಿಂದಲೂ ಆಗುತ್ತದೆ, ಆದ್ದರಿಂದ ರಿಚ್ ಮಾಡಿದರೂ ಹೋಗದಿದ್ದರೆ 2ನೇ ಹಂತಕ್ಕೆ ಮರಳಿ.

ಊರು ಮತ್ತು ಹವೆ ಬದಲಾದಾಗ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇಕಡ 10ರಷ್ಟು ಕಡಿಮೆ. ಬೆಂಗಳೂರಿನಲ್ಲಿ ಟ್ಯೂನ್ ಮಾಡಿದ ಕಾರನ್ನು ಘಟ್ಟ ಇಳಿಸಿ ಕರಾವಳಿಯಲ್ಲಿ ಓಡಿಸಿದರೆ ದಟ್ಟ ಗಾಳಿಗೆ ಅದೇ ಇಂಧನ ಸಾಲದೆ ಲೀನ್ ಆಗುವ ಅಪಾಯವಿದೆ. ಹೊರಡುವ ಮುನ್ನವೇ ಹೈ ಸ್ಪೀಡ್ ನೀಡಲ್ ಎರಡು ಮೂರು ‘ಗಂಟೆ’ಯಷ್ಟು ಹೊರಕ್ಕೆ ತಿರುಗಿಸಿ ರಿಚ್ ಮಾಡಿ, ಅಲ್ಲಿ 4ನೇ ಹಂತದಿಂದ ಶುರುಮಾಡಿ. ಮಡಿಕೇರಿಯತ್ತ ಏರುವವರಿಗೆ ಅವಸರವಿಲ್ಲ, ಅಲ್ಲಿ ಮಿಶ್ರಣ ರಿಚ್ ಕಡೆಗೆ ಹೋಗುತ್ತದೆ. ಒಂದೇ ಊರಿನಲ್ಲೂ ಏಪ್ರಿಲ್ ಮಧ್ಯಾಹ್ನದ ಹೊಂದಿಕೆ ಡಿಸೆಂಬರ್ ಬೆಳಗ್ಗೆಗೆ ಒಗ್ಗದು: ತಣ್ಣನೆಯ, ಒಣ ಗಾಳಿಗೆ ಹೆಚ್ಚು ಇಂಧನ ಬೇಕು, ಬಿಸಿಯಾದ ತೇವದ ಗಾಳಿಗೆ ಕಡಿಮೆ. ನೋಟ್‌ಬುಕ್ಕಿನಲ್ಲಿ ದಿನಾಂಕ, ಊರು, ಹವೆ, ಇಂಧನ, ಎರಡೂ ನೀಡಲ್‌ಗಳು ಮುಚ್ಚಿದ ಜಾಗದಿಂದ ಎಷ್ಟು ಸುತ್ತು ಹೊರಗಿವೆ, ಉಷ್ಣತೆ ಎಷ್ಟು ಎಂಬುದನ್ನು ಬರೆದಿಡಿ.

ದಿನದ ಕೊನೆಗೆ

ಟ್ಯಾಂಕಿನಲ್ಲಿ ಉಳಿದ ಇಂಧನವನ್ನು ತೆಗೆದು, ಟ್ಯೂಬಿನಲ್ಲಿ ಉಳಿದದ್ದು ಮುಗಿಯುವ ತನಕ ಐಡಲ್‌ನಲ್ಲಿ ಓಡಿಸಿ. ಎಂಜಿನ್ ತಣಿಯುವ ಮೊದಲೇ ಪ್ಲಗ್ ಬಿಚ್ಚಿ, ಆ ತೂತಿಗೂ ಕಾರ್ಬ್ಯುರೇಟರ್ ಬಾಯಿಗೂ ಆಫ್ಟರ್-ರನ್ ಆಯಿಲ್ (ಓಟದ ನಂತರ ತುಕ್ಕು ಹಿಡಿಯದಂತೆ ಹಾಕುವ ಎಣ್ಣೆ) ನಾಲ್ಕೈದು ಹನಿ ಬಿಟ್ಟು ಹಗ್ಗ ಎಳೆಯಿರಿ. ಸಿಲಿಂಡರಿನ ಒಳಕೊಳವೆ (ಸ್ಲೀವ್) ಮೇಲಕ್ಕೆ ಹೋದಂತೆ ಕಿರಿದಾಗುವುದರಿಂದ, ಪಿಸ್ಟನ್ ತುದಿಯಲ್ಲಿದ್ದಾಗ ಎಂಜಿನ್ ತಣಿದರೆ ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಫ್ಲೈವೀಲ್ ಕೈಯಿಂದ ತಿರುಗಿಸಿ ಪಿಸ್ಟನನ್ನು ಕೆಳಕ್ಕೆ ತಂದು, ಪ್ಲಗ್ ಹಾಕಿ, ಕಾರನ್ನು ಎತ್ತಿಡಿ.